ಬಲಗಿವಿಯ ಮೂಳೆ

"ಅಂದ್ಹಾಗೆ ಆ ಬುರುಡೆಗೆ ಯಾವ ಅಂಟು ಹಾಕಿದ್ದೆ ಅಪ್ಪ?" ಎಂದು ಮಗಳು ಕೇಳಿದ್ದು ಮಾತಿಗೆ ಮಾತಾಗಿ ಅಷ್ಟೆ.

ಅಪ್ಪ ಲಾಯದ ಕಟ್ಟೆಯ ಮೇಲೆ ಕೂತು ಗೊರಸು ಹೆರೆಯುವ ಚಾಕು ಮಸೆಯುತ್ತಿದ್ದ. ಗುಡ್ಡದ ಮೇಲಿನ ದಿಬ್ಬ ಕುಸಿದಾಗ ಸಿಕ್ಕಿದ, ಸಾವಿರಾರು ವರ್ಷ ಹಳೆಯ ಕುದುರೆಯ ತಲೆಬುರುಡೆ ಅವನ ಕೈಯಲ್ಲೇ ಬಿರುಕು ಬಿಟ್ಟಿತ್ತು. ಅವನೇ ಅಂಟಿಸಿ, ಎಳೆಮಗುವನ್ನು ಸುತ್ತುವ ಹಾಗೆ ಕಂಬಳಿಯಲ್ಲಿ ಸುತ್ತಿ, ಮಗಳು ಕೆಲಸ ಮಾಡುವ ಲ್ಯಾಬಿಗೆ ತಂದುಕೊಟ್ಟಿದ್ದ.

"ಅಂಗಡಿ ಅಂಟು ಹಾಕೋಕೆ ನನಗೇನು ತಲೆ ಕೆಟ್ಟಿತ್ತಾ? ನಮ್ಮ ಕೆಂಚಿ ಕುದುರೆ ಸತ್ತಾಗ ಅವಳ ಚರ್ಮ ಬೇಯಿಸಿ ಮಾಡಿಟ್ಟಿದ್ದೆನಲ್ಲ, ಅದೇ. ಕೂರೋ ಜೀನು ಕಿತ್ತುಬಂದ್ರೂ ನಾವು ಹಾಕೋದು ಅದನ್ನೇ ತಾನೆ?"

ಮಗಳು ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕೂತಳು.

ಆ ಬುರುಡೆಯ ಎಡಗಿವಿಯ ಒಳಮೂಳೆಯನ್ನು ಕೊರೆದು ಪುಡಿ ತೆಗೆದವಳು ಅವಳೇ. ಅದರಲ್ಲಿ ಸಿಕ್ಕ ಡಿಎನ್‌ಎ ಅಪ್ಪನ ಕುದುರೆಗಳ ಡಿಎನ್‌ಎಗೆ ತಾಳೆಯಾಗಿತ್ತು. ಲ್ಯಾಬಿನ ಮೇಡಂ ಹಿಗ್ಗಿ ಹೀರೇಕಾಯಿಯಾಗಿದ್ದರು. ಗುಡ್ಡವನ್ನು ಸಮ ಮಾಡಿ ಗೋದಾಮು ಕಟ್ಟುತ್ತೇವೆಂದು ಹೊರಟ ಆಡಳಿತದವರು ಕೂಡ, ಆ ಕುದುರೆಗಳು ಆ ನೆಲದ ಮೂಲ ತಳಿಯೆಂದು ರುಜುವಾದರೆ ಹುಲ್ಲುಗಾವಲನ್ನು ಮುಟ್ಟುವುದಿಲ್ಲ ಎಂದಿದ್ದರು. ಈಗ ನೋಡಿದರೆ ಬಿರುಕು ಇದ್ದದ್ದು ಎಡಗಿವಿಯ ಪಕ್ಕದಲ್ಲೇ, ಅಂಟು ಒಳಮೂಳೆಗೂ ಇಳಿದಿತ್ತು. ಬೇಯಿಸಿದ ಚರ್ಮದ ಡಿಎನ್‌ಎ ಚೂರುಚೂರಾಗಿ ಹಳೆಯದರ ಹಾಗೆಯೇ ಕಂಡು, ಎಲ್ಲರ ಕಣ್ಣಿಗೂ ಮಣ್ಣೆರಚಿತ್ತು.

ಅವಳು ಬಿಡಿಸಿ ಹೇಳಿದಳು. ಅಪ್ಪ ಚಾಕು ಕೆಳಗಿಟ್ಟ.

"ಅಂದ್ರೆ ಲ್ಯಾಬಲ್ಲಿ ಬಾಯಿ ಬಿಟ್ಟಿದ್ದು ನಮ್ಮ ಕೆಂಚಿ ಅನ್ನು. ಬದುಕಿದ್ದಾಗಲೂ ಅವಳಿಗೆ ಎಲ್ಲದರಲ್ಲೂ ಮೂಗು ತೂರಿಸೋ ಚಾಳಿ." ಸ್ವಲ್ಪ ಹೊತ್ತು ನಕ್ಕ. ಆಮೇಲೆ ನಗು ತಾನಾಗಿ ನಿಂತಿತು. "ಬಲಗಿವಿಗೆ ಅಂಟು ತಾಗಿಲ್ಲ."

"ಗೊತ್ತು. ಅದು ಬೇರೇನಾದ್ರೂ ಹೇಳಿದ್ರೆ ಗುಡ್ಡ ಹೋಗುತ್ತಪ್ಪ."

"ಹೇಳಲಿ. ಕೊರೆ."

ವಿಷಯ ಕೇಳಿ ಮೇಡಂ ಮುಖ ಚಿಕ್ಕದಾಯಿತು. ಪ್ರಬಂಧ ಕಳಿಸುವುದಷ್ಟೇ ಬಾಕಿ ಇತ್ತು. ಪ್ರಬಂಧ ಕೈಬಿಡೋಣ, ಬಲಗಿವಿ ಕೊರೆಯುವುದು ಬೇಡ, ಮುಂದೆ ಇನ್ನೊಂದು ಬುರುಡೆ ಸಿಕ್ಕಾಗ ನೋಡಿಕೊಳ್ಳೋಣ, ಅಲ್ಲಿಯವರೆಗೆ ಆಡಳಿತದವರು ನಂಬಿಕೊಂಡಿರಲಿ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಾಗಿರಲಿಲ್ಲ. "ನಿಮ್ಮಪ್ಪನ ಹೊಟ್ಟೆ ಮೇಲೆ ನೀನೇ ಹೊಡೀತೀಯಾ?" ಎಂದೂ ಕೇಳಿದರು.

ಮಗಳು ಕೈಗವಸು ಏರಿಸಿಕೊಂಡು, ಬಲಗಿವಿಯ ಕಡೆ ದೀಪ ತಿರುಗಿಸಿದಳು. ಕೊರೆಯುವಾಗ ಸುಟ್ಟ ಕೂದಲಿನಂಥ ವಾಸನೆ ಬಂತು. ಮೇಡಂ ಬಾಗಿಲವರೆಗೆ ಹೋದವರು ಹಿಂತಿರುಗಿ, ಪುಡಿ ತುಂಬುವ ಸೀಸೆಯನ್ನು ಹಿಡಿದುಕೊಂಡರು.

ಬಲಗಿವಿ ಬೇರೆಯದನ್ನೇ ಹೇಳಿತು. ದಿಬ್ಬದ ಕುದುರೆಗಳ ಪೀಳಿಗೆ ಎಂದೋ ಅಳಿದುಹೋಗಿತ್ತು. ಅಪ್ಪನ ಕುದುರೆಗಳ ತಳಿ ಬಹಳ ಕಾಲದ ಮೇಲೆ ಬೇರೆಲ್ಲಿಂದಲೋ ಬಂದದ್ದು.

ಹುಲ್ಲುಗಾವಲಿನ ವಿಚಾರಣೆಯ ದಿನ ಆಡಳಿತದ ಅಧಿಕಾರಿ ಆ ವರದಿ ಓದಿ, ಹಾಗಾದರೆ ಇವು ಇಲ್ಲಿಯವಲ್ಲ ಎಂದಾಯಿತಲ್ಲ ಎಂದರು. ಹೌದೆಂದು ಅಪ್ಪನೇ ಒಪ್ಪಿಕೊಂಡ.

"ಹೊರಗಿನಿಂದ ಬಂದವೇ ಸಾರ್. ನಾನೂ, ನೀವೂ ಬಂದ ಹಾಗೆ. ಆದ್ರೆ ಬಂದ ಮೇಲೆ ಈ ಗುಡ್ಡದಲ್ಲೇ ಈದವು, ಇಲ್ಲೇ ಸತ್ತವು. ಯಾವುದೋ ಸತ್ತ ಕುದುರೆ ಶಿಫಾರಸು ಮಾಡಿದ್ರೇನೇ ನನ್ನವಕ್ಕೆ ಹುಲ್ಲು ಅನ್ನೋದಾದ್ರೆ, ಆ ಶಿಫಾರಸು ನನಗೆ ಬೇಡ. ನಾಳೆನೂ ಮೇಯಿಸ್ತೀನಿ. ಗುಡ್ಡದಿಂದ ಇಳಿಸೋರು ಬಂದು ಇಳಿಸಲಿ."

ಅಧಿಕಾರಿ ಮಗಳ ಮುಖ ನೋಡಿದರು, ಇವಳಾದರೂ ಬುದ್ಧಿ ಹೇಳಿಯಾಳು ಎಂಬಂತೆ. ಅವಳು ಎದ್ದು ಅಪ್ಪನ ಪಕ್ಕದಲ್ಲಿ ನಿಂತಳು. ತೀರ್ಮಾನವನ್ನು ಆಮೇಲೆ ತಿಳಿಸುತ್ತೇವೆ ಎಂದು ಕಳಿಸಿಕೊಟ್ಟರು.

ಮರುದಿನ ಬೆಳಿಗ್ಗೆ ಅವಳು ಲ್ಯಾಬಿಗೆ ರಜೆ ಹಾಕಿ ಅಪ್ಪನ ಜೊತೆ ಗುಡ್ಡ ಹತ್ತಿದಳು. ಹುಲ್ಲಿನ ನಡುವೆ ಗೋದಾಮಿನ ಅಳತೆಯವರು ಹೊಸ ಗೂಟಗಳನ್ನು ನೆಟ್ಟುಹೋಗಿದ್ದರು, ತುದಿಗೆ ಕೆಂಪು ಬಣ್ಣ. ಮುಂದಿದ್ದ ಹೆಣ್ಣು ಕುದುರೆ ಒಂದನ್ನು ಮೂಸಿ ನೋಡಿತು. ಮತ್ತೆ ಹಿಂದಕ್ಕೆ ತಿರುಗಿ, ಅದಕ್ಕೆ ಹಿಂಭಾಗ ಒತ್ತಿ, ಕಣ್ಣು ಅರೆಮುಚ್ಚಿ ತುರಿಸಿಕೊಳ್ಳತೊಡಗಿತು. ಗೂಟ ಒಂದು ಕಡೆಗೆ ವಾಲಿತು. ಅಪ್ಪ ಕುದುರೆಯನ್ನು ಗದರಲಿಲ್ಲ.

ಮಗಳು ಹತ್ತಿರ ಹೋಗಿ ಕುದುರೆಯ ಕೊರಳಿನ ಹಗ್ಗ ಬಿಚ್ಚಿ ಮೇಯಲು ಬಿಟ್ಟಳು.