ಮೂವತ್ತನೆಯ ದಿನ

ಸೂಟ್‌ಕೇಸ್ ಇನ್ನೂ ಅಲ್ಲೇ ಇತ್ತು. ಅಡುಗೆಮನೆಯ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ, ಹೆಂಡತಿಯ ಗುಂಡು ಅಕ್ಷರಗಳಲ್ಲಿ: ‘ಸೂಟ್‌ಕೇಸ್, ಚಿಕ್ಕದು.’ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅವನು ದಿನ ಎಣಿಸಿದ. ಇವತ್ತಿಗೆ ಮೂವತ್ತು.

ಪದ್ಧತಿ ಅವನೇ ತಂದದ್ದು. ಏನಾದರೂ ಕೊಳ್ಳಬೇಕೆನಿಸಿದರೆ ತಾರೀಖು ಹಾಕಿ ಬರೆದು ಮೂವತ್ತು ದಿನ ಸುಮ್ಮನಿರಬೇಕು. ಅಷ್ಟರಲ್ಲಿ ಆಸೆ ಸತ್ತರೆ ಗೀಟು. ಬದುಕಿದ್ದರೆ ಕೊಳ್ಳಬಹುದು, ಆದರೆ ಬದಲಿಗೆ ಮನೆಯಿಂದ ಒಂದು ವಸ್ತು ಹೊರಗೆ ಹೋಗಬೇಕು. ಯಾಕೆ ಬೇಕು ಎಂದು ಮಾತ್ರ ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಕಾರಣ ಹೇಳುತ್ತ ಹೋದಂತೆ ಆಸೆ ಕೊಬ್ಬುತ್ತದೆ ಎಂಬುದು ಅವನ ಸಿದ್ಧಾಂತ.

ಎರಡು ವರ್ಷದಲ್ಲಿ ಸೋಫಾ ಹೋಗಿತ್ತು, ಕಿಟಕಿ ಪರದೆಗಳು ಹೋಗಿದ್ದವು, ಅತಿಥಿಗಳ ತಟ್ಟೆಗಳು ಹೋಗಿದ್ದವು, ಅವುಗಳ ಹಿಂದೆಯೇ ಅತಿಥಿಗಳೂ. ಅಟ್ಟದ ಮೇಲಿನ ಮೂರು ಸೂಟ್‌ಕೇಸ್‌ಗಳನ್ನು ಕೊಟ್ಟುಬಿಡುವಾಗ, “ನಾವೆಲ್ಲಿಗೆ ಹೋಗ್ತೀವಿ ಹೇಳು?” ಎಂದಿದ್ದ. ಅವಳು ಸ್ವಲ್ಪ ಯೋಚಿಸಿ, “ಹೌದಲ್ಲ” ಎಂದಿದ್ದಳು.

“ಇವತ್ತು ತಾರೀಖೆಷ್ಟು?” ಗೊತ್ತಿದ್ದೂ ಕೇಳಿದ.

“ಕ್ಯಾಲೆಂಡರ್ ತೆಗೆಸಿದ್ದು ನೀನೇ ಅಲ್ವಾ?” ಅವಳು ಸವೆದ ಸೋಪಿನ ಚೂರುಗಳನ್ನು ಒತ್ತಿ ಒಂದೇ ಉಂಡೆ ಮಾಡುತ್ತಿದ್ದಳು.

“ಹಾಗಲ್ಲ. ಏನೋ ಕೇಳೋಣ ಅಂತ.”

“ಬರೆದಿಡು. ಮೂವತ್ತು ದಿನ ಆದ್ಮೇಲೂ ಕೇಳ್ಬೇಕು ಅನ್ಸಿದ್ರೆ ಕೇಳು.”

ಇಬ್ಬರೂ ನಕ್ಕರು. ಅವನ ನಗು ಸ್ವಲ್ಪ ಬೇಗ ಮುಗಿಯಿತು.

ಕಚೇರಿಯಲ್ಲಿ ಅವನಿಗೆ ಕತ್ತರಿ ಎಂದು ಹೆಸರು. ನಲವತ್ತು ಪುಟದ ವರದಿಗಳನ್ನು ಮೇಲಧಿಕಾರಿಗಳಿಗಾಗಿ ಒಂದೇ ಪುಟಕ್ಕೆ ಇಳಿಸುವುದು ಅವನ ಕೆಲಸ. ಅಂದು ಬಂದದ್ದು ಸೇತುವೆಯೊಂದರ ಬಿರುಕಿನ ವರದಿ. ‘ಬಿರುಕನ್ನು ಮೊದಲು ಕಂಡದ್ದು ಕಸ ಗುಡಿಸುವಾಕೆ, ಆಕೆಯನ್ನು ಯಾರೂ ಕೇಳಿರಲಿಲ್ಲ’ ಎಂಬ ಸಾಲಿತ್ತು. ಅನಗತ್ಯ ಎಂದು ಹೊಡೆದುಹಾಕಿದ.

“ಕತ್ತರಿ ಸಾರ್,” ಎದುರು ಮೇಜಿನ ಟೈಪಿಸ್ಟ್ ಕರೆದಳು. “ನಿಮ್ಮನೇಲಿ ಒಂದು ಬಂದ್ರೆ ಒಂದು ಹೋಗ್ಬೇಕಂತೆ, ನಿಜಾನಾ?”

“ನಿಜ.”

“ಹುಷಾರಪ್ಪಾ! ಮನೆಯವರು ಒಂದು ಬಕೆಟ್ ತಂದ್ಬಿಟ್ಟು ನಿಮ್ಮನ್ನ ಆಚೆ ಇಟ್ಟಾರು!”

ಇಡೀ ಕೋಣೆ ನಕ್ಕಿತು. ಅವನೂ ನಕ್ಕ. ಆಮೇಲೆ ಪೆನ್ನು ಹಿಡಿದು ಕೂತ. ಚಿಕ್ಕ ಸೂಟ್‌ಕೇಸ್ ಒಬ್ಬರಿಗೆ ಸಾಲುತ್ತದೆ, ಇಬ್ಬರಿಗೆ ಸಾಲುವುದಿಲ್ಲ. ಇಷ್ಟು ಗೊತ್ತಾಗಲು ಅವನಿಗೆ ಮೂವತ್ತು ದಿನ ಬೇಕಾಗಿರಲಿಲ್ಲ. ಮೊದಲ ದಿನವೇ ಗೊತ್ತಾಗಿತ್ತು.

ಇವತ್ತು ನಿಯಮ ಮುರಿಯಬೇಕು, ಹೋಗಬೇಡ ಅನ್ನಬೇಕು. ಮನೆಗೆ ನಡೆಯುತ್ತ ಮಾತು ಜೋಡಿಸಿದ. ನಾನು ಅತಿ ಮಾಡಿದೆ, ನಿನಗೆ ಬೇಕಾದದ್ದೆಲ್ಲ ತರೋಣ, ನೀನಿಲ್ಲದೆ ನನಗೆ ಆಗುವುದಿಲ್ಲ. ಔಷಧಿ ಅಂಗಡಿಯ ಹತ್ತಿರ ಬರುವಾಗ ‘ಅತಿ’ ಎಂಬುದು ಹೆಚ್ಚಾಯಿತು ಅನಿಸಿತು. ರಸ್ತೆ ದಾಟುವಾಗ ಎರಡನೆಯ ವಾಕ್ಯ ಸುಳ್ಳೆನಿಸಿತು. ಮೂರನೆಯದನ್ನು ಅವಳು ಊಹಿಸಿಕೊಂಡಾಳು. ಮೆಟ್ಟಿಲು ಹತ್ತುವಷ್ಟರಲ್ಲಿ ಕೇಳಲು ಉಳಿದದ್ದು ಒಂದೇ ಪದ: ‘ಏನು?’

ಹಾಳೆಯ ಮೇಲೆ ‘ಸೂಟ್‌ಕೇಸ್, ಚಿಕ್ಕದು’ ಎಂಬುದಕ್ಕೆ ಗೀಟು ಬಿದ್ದಿತ್ತು.

ಅವನು “ಬೇಡ್ವಾ?” ಎಂದು ಕೂಗಿದ.

“ಬೇಕಾಗ್ಲಿಲ್ಲ.” ಅವಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ನೋಡಿದ್ಯಾ! ಸುಮ್ನಿದ್ರೆ ತಾನಾಗೇ ಹೋಗುತ್ತೆ ಅಂತ ಹೇಳಿರ್ಲಿಲ್ವಾ?”

“ಹೂಂ. ಎಲ್ಲಾ ತರಕಾರಿ ಚೀಲದಲ್ಲೇ ಹಿಡೀತು.”

ಆಗ ಅವನು ಅವಳ ಕೈಲಿದ್ದ ಚೀಲ ನೋಡಿದ. ನಾಲ್ಕು ಜೊತೆ ಬಟ್ಟೆ, ಬಾಚಣಿಗೆ, ಕನ್ನಡಕದ ಡಬ್ಬಿ. ಇನ್ನೂ ಜಾಗವಿತ್ತು.

“ಎಲ್ಲಿಗೆ?”

“ಅಕ್ಕನ ಮನೆಗೆ.”

“ಎಷ್ಟು ದಿನ?”

“ಬರ್ದಿದೀನಿ.” ಚಪ್ಪಲಿ ಮೆಟ್ಟಿಕೊಂಡಳು. “ಯಾಕೆ ಅಂತ ಮಾತ್ರ ಕೇಳ್ಬೇಡ.”

ಅವನು ಕೇಳಲಿಲ್ಲ. ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಹಾಳೆಯ ಹತ್ತಿರ ಹೋದ. ಗೀಟಿನ ಕೆಳಗೆ ಹೊಸ ಸಾಲು, ಇವತ್ತಿನ ತಾರೀಖು: ‘ವಾಪಸ್ ಬರೋದು.’

ಅದನ್ನು ಅವನು ಮೂರು ಸಲ ಓದಿದ. ಆಸೆಯೊಂದು ಮೂವತ್ತು ದಿನ ಬದುಕಿದ್ದನ್ನು ಈ ಹಾಳೆಯಲ್ಲಿ ಯಾವತ್ತಾದರೂ ಕಂಡಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ನೋಡಿದ.

ಅಷ್ಟರಲ್ಲಿ ಯಾರೋ ಕೆಮ್ಮಿದರು. ತೆರೆದೇ ಇದ್ದ ಬಾಗಿಲಲ್ಲಿ ಗಂಡ ಹೆಂಡತಿಯಂತಿದ್ದ ಇಬ್ಬರು ನಿಂತಿದ್ದರು.

“ಮನೆ ಖಾಲಿ ಇದೆ ಅಲ್ವಾ ಸಾರ್? ಕೆಳಗಿಂದ ಕಿಟಕೀಲಿ ಕಾಣಿಸ್ತು,” ಎಂದ ಗಂಡಸು, ಆಗಲೇ ಒಳಗೆ ಬರುತ್ತ. “ನೀವು ಓನರ್ ಕಡೆಯವರಾ?”

“ಇಲ್ಲ... ನಾನು...”

“ಪರವಾಗಿಲ್ಲ, ಎರಡೇ ನಿಮಿಷ.”

“ಅಯ್ಯೋ, ಎಷ್ಟು ವಿಶಾಲವಾಗಿದೆ ನೋಡ್ರೀ!” ಹೆಂಗಸು ನಡುಮನೆಯಲ್ಲಿ ನಿಂತು ಒಂದು ಸುತ್ತು ತಿರುಗಿದಳು. “ನಮ್ಮ ದೊಡ್ಡ ಬೀರು ಈ ಗೋಡೆಗೆ ಹಿಡಿಸುತ್ತಾ?”

ಗಂಡಸು ಜೇಬಿನಿಂದ ಅಳತೆಯ ಟೇಪು ತೆಗೆದ. “ಸಾರ್, ಸ್ವಲ್ಪ ಈ ತುದಿ ಹಿಡ್ಕೊಳ್ತೀರಾ?”

ಅವನು ಹಿಡಿದುಕೊಂಡ. ಟೇಪು ಕಿರಗುಟ್ಟುತ್ತ ಬಿಚ್ಚಿಕೊಂಡು ಆಚೆ ಗೋಡೆಯ ಕಡೆ ಹೋಯಿತು.

“ಇನ್ನೂ ಮೂಲೆಗೆ ಸೇರ್ಕೊಳ್ಳಿ,” ಎಂದ ಗಂಡಸು ಅಲ್ಲಿಂದ. “ಹಾಂ, ಇನ್ನೂ. ಅಲ್ಲಾಡ್ಬೇಡಿ.”

ಅವನು ಬೆನ್ನನ್ನು ಗೋಡೆಗೆ ಒತ್ತಿ ನಿಂತ. ಸೊನ್ನೆ ಅವನ ಹೆಬ್ಬೆರಳ ಕೆಳಗಿತ್ತು.