ಚಾಲಕ ಸತ್ತ ಮೇಲೂ ನಗುತ್ತಿದ್ದಾನೆ

ಸತ್ತವನ ಮುಖ ಬರೆಯುವುದು ಎಲ್ಲಕ್ಕಿಂತ ಸುಲಭ ಎಂದು ನಮ್ಮ ತಂಡದ ಮುಖ್ಯಸ್ಥ, ನಾವು ಲೀಡ್ ಎನ್ನುವವನು, ಹೇಳಿದಾಗ ನನಗೆ ಮೈ ಉರಿದುಹೋಯಿತು. ಬಣ್ಣ ಇಳಿಸು, ಕಣ್ಣು ಮುಚ್ಚಿಸು, ಮುಗಿಯಿತು. ಚಹಾ ಆರುವುದರೊಳಗೆ ಆಗುವ ಕೆಲಸ ಎಂದ. ನಮ್ಮ ಕಸುಬಿನಲ್ಲಿ ಅದು ನಿಜವೇ, ಅವನದೇನೂ ತಪ್ಪಿಲ್ಲ. ಆದರೆ ನಮ್ಮ ಆಟದಲ್ಲಿನ ನೌಕೆಯ ಚಾಲಕನಿಗೆ ನಾನು ಕೊಟ್ಟಿದ್ದು ನನ್ನ ತಮ್ಮನ ಮುಖ ಎಂಬುದು ಅವನಿಗೆ ಗೊತ್ತಿರಲಿಲ್ಲ. ತಮ್ಮ ಆಗ ಇನ್ನೂ ಬದುಕಿದ್ದ.

ನಾನು ವಿಡಿಯೊ ಗೇಮುಗಳಿಗೆ ಮುಖ ಬರೆಯುವವಳು. ಕಾಗದವಿಲ್ಲ, ಬಣ್ಣದ ಬಟ್ಟಲಿಲ್ಲ, ಎಲ್ಲ ಪರದೆಯ ಮೇಲೆ ಪೆನ್ನಾಡಿಸಿ ಮಾಡುವುದು. ಇಷ್ಟು ಹೇಳಿದರೆ ಬಂಧುಬಳಗದವರು, ಹಾಗಾದರೆ ಕಂಪ್ಯೂಟರೇ ಬರೆಯುತ್ತದಲ್ಲ ಎಂದು ಮೂಗು ಮುರಿಯುತ್ತಾರೆ. ಅವರ ತಲೆ. ಆಗ ನಮ್ಮ ಕೈಯಲ್ಲಿದ್ದದ್ದು ಬಾಹ್ಯಾಕಾಶದ ಕಥೆ. ಸೂರ್ಯನನ್ನು ಬಿಟ್ಟು ಬಹುದೂರ ಹೊರಟ ಒಂದು ನೌಕೆ, ಅದರಲ್ಲಿ ಕ್ಯಾಪ್ಟನ್, ವೈದ್ಯೆ, ಚಾಲಕ, ಇನ್ನೊಂದಿಷ್ಟು ಜನ. ಆಡುವಾಗ ಪರದೆಯ ಮೂಲೆಯಲ್ಲಿ ಇವರ ಮುಖಗಳು ಸದಾ ಕಾಣುತ್ತಿರುತ್ತವೆ. ಒಬ್ಬೊಬ್ಬರಿಗೂ ಸುಮ್ಮನಿರುವ ಮುಖ, ನಗುವ ಮುಖ, ಸಿಟ್ಟಿನದು, ಹೆದರಿದ್ದು, ಗಾಯಗೊಂಡದ್ದು, ಕೊನೆಗೆ ಸತ್ತದ್ದು. ಕಥೆಯಲ್ಲಿ ಏನಾಗುತ್ತದೋ ಅದಕ್ಕೆ ತಕ್ಕ ಮುಖ ತಾನಾಗಿ ಬರುತ್ತದೆ.

ಚಾಲಕನ ಮುಖಕ್ಕೆ ಹುಡುಕಾಡಿ ನನಗೆ ತಲೆ ಕೆಟ್ಟಿತ್ತು. ಬರೆದವರೆಲ್ಲ ಗದ್ದ ಚೂಪು ಮಾಡಿಕೊಂಡು ಸಿನಿಮಾ ನಾಯಕರಂತೆ ನಿಲ್ಲುತ್ತಿದ್ದರು. ಅಂಥವರ ಕೈಗೆ ನೌಕೆ ಕೊಟ್ಟರೆ ಕನ್ನಡಿ ನೋಡಿಕೊಳ್ಳುತ್ತಾ ಎಲ್ಲಾದರೂ ಗುದ್ದಿಸುತ್ತಾರೆ. ಅಷ್ಟರಲ್ಲಿ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ. ಹುಟ್ಟಿದಾಗ ಗುಂಡಗಿದ್ದನೆಂದು ಗುಂಡ ಎಂದು ಕರೆದಿದ್ದೆವು, ಅದೇ ಉಳಿಯಿತು. ಈಗ ಆ ಹೆಸರು ಕೂಗಲು ನಾಲಿಗೆ ತಡವರಿಸುವಷ್ಟು ಸೊರಗಿದ್ದ. ಲಿಫ್ಟ್ ರಿಪೇರಿ ಮಾಡುವವನು. ರಕ್ತದಲ್ಲಿ ಕಾಯಿಲೆ ಹಿಡಿದು ಮಲಗಿದ. ಇನ್ನು ಮನೆಯಲ್ಲೇ ನೋಡಿಕೊಳ್ಳಿ, ಕೇಳಿದ್ದು ಕೊಡಿ ಎಂದು ವೈದ್ಯರು ಹೇಳಿ ಕಳಿಸಿದ್ದರು. ಆ ಮಾತಿನ ಅರ್ಥ ಅವನಿಗೂ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು. ಮೂವರೂ ಗೊತ್ತಿಲ್ಲದವರಂತೆ ಓಡಾಡಿಕೊಂಡಿದ್ದೆವು.

ಅವನ ಹಾಸಿಗೆಯ ಪಕ್ಕದಲ್ಲಿ ಕೂತು ಕೆಲಸ ಮಾಡುವುದಾಗಿ ಆಫೀಸಿನಲ್ಲಿ ಕೇಳಿಕೊಂಡೆ. ಕಿಟಕಿಯ ಬೆಳಕು ಅವನ ಒಂದು ಕೆನ್ನೆಯ ಮೇಲೆ ಬೀಳುತ್ತಿತ್ತು. ಒಳಗೆ ಇಳಿದ ಕಣ್ಣು, ಬಿಡದೆ ಇಣುಕುವ ತುಂಟತನ. ಬಹುದೂರ ಹೋಗಿ ಸುಸ್ತಾದ ಚಾಲಕ ಇವನೇ ಅಲ್ಲವೇ ಅನ್ನಿಸಿತು. ಕೇಳಿದರೆ ಒಪ್ಪುತ್ತಾನೋ ಇಲ್ಲವೋ ಎಂದು ಹಿಂದೆ ಮುಂದೆ ನೋಡಿದೆ. ಕೊನೆಗೆ ಕೇಳಿದಾಗ ಅವನು ಎದ್ದು ಕೂತು ತಲೆ ಬಾಚಿಕೊಂಡ. ಇಷ್ಟು ವರ್ಷ ಮೇಲೆ ಕೆಳಗೆ ಓಡಾಡಿದ್ದಕ್ಕೆ ಈಗ ಬಡ್ತಿ ಸಿಕ್ಕಿತು ಎಂದು ಹೆಂಡತಿಯನ್ನು ಕರೆದು ಹೇಳಿದ.

ಆ ದಿನಗಳು ಚೆನ್ನಾಗಿದ್ದವು. ಸಿಟ್ಟಿನ ಮುಖ ಮಾಡು ಎಂದರೆ, ಲಿಫ್ಟಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಸಾಮಾನು ಸಾಗಿಸುವವರನ್ನು ನೆನೆಸಿಕೊಂಡು ಹುಬ್ಬು ಗಂಟಿಕ್ಕುತ್ತಿದ್ದ. ಹೆದರಿದ ಮುಖಕ್ಕೆ ನನ್ನ ಅಡುಗೆಯ ಹೆಸರು ಹೇಳುತ್ತಿದ್ದ. ಗಾಯಗೊಂಡ ಮುಖಕ್ಕೆ ಮಾತ್ರ ಅವನು ಏನೂ ಮಾಡಬೇಕಾಗಿರಲಿಲ್ಲ. ಮಧ್ಯಾಹ್ನ ನೋವು ಏಳುವ ಹೊತ್ತಿಗೆ ತಾನೇ ನನ್ನ ಕಡೆ ತಿರುಗಿ, ಬೇಗ ಬರೆದುಕೋ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ನಾನು ಬರೆದುಕೊಂಡೆ.

ಸತ್ತ ಮುಖವೊಂದು ಉಳಿಯಿತು. ಅದನ್ನು ನಾಳೆ ಎಂದೆ, ನಾಡಿದ್ದು ಎಂದೆ. ಎಲ್ಲ ಮುಖಗಳನ್ನೂ ಕಳಿಸುವ ದಿನ ಬಂದೇ ಬಿಟ್ಟಿತು. ಆ ಜಾಗ ಖಾಲಿ ಬಿಟ್ಟರೆ ಆಟ ಅಲ್ಲೇ ನಿಂತುಹೋಗುತ್ತದೆ, ಏನಾದರೂ ಒಂದು ಚಿತ್ರ ಇರಲೇಬೇಕು. ಅವನ ನಗುವ ಮುಖದ್ದೇ ಒಂದು ಪ್ರತಿ ತೆಗೆದು, ಸತ್ತ ಮುಖದ ಹೆಸರು ಕೊಟ್ಟು ಕಳಿಸಿಬಿಟ್ಟೆ. ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ನಮ್ಮಲ್ಲಿ ಒಬ್ಬಳು ಟೆಸ್ಟರ್ ಇದ್ದಾಳೆ. ಆಡಿ ಆಡಿ ತಪ್ಪು ಹಿಡಿಯುವುದೇ ಅವಳ ಕೆಲಸ, ಅವಳ ಕಣ್ಣಿಂದ ಇರುವೆಯೂ ತಪ್ಪಿಸಿಕೊಳ್ಳುವುದಿಲ್ಲ. ಮುಂದಿನ ವಾರದ ಮೀಟಿಂಗಿನಲ್ಲಿ ಅವಳು ಹಿಡಿದ ತಪ್ಪುಗಳನ್ನು ಗೋಡೆಯ ದೊಡ್ಡ ಪರದೆಯ ಮೇಲೆ ಒಂದೊಂದಾಗಿ ತೋರಿಸಿದರು. ‘ಚಾಲಕ ಸತ್ತ ಮೇಲೂ ನಗುತ್ತಿದ್ದಾನೆ’ ಎಂದು ಬಂತು. ಕೆಳಗೆ ಗುಂಡನ ಮುಖ. ಸುತ್ತ ನೌಕೆ ಹೊತ್ತಿ ಉರಿಯುತ್ತಿದೆ, ವೈದ್ಯೆ ಅಳುತ್ತಿದ್ದಾಳೆ, ಇವನು ಮೂಲೆಯಲ್ಲಿ ಹಲ್ಲು ಕಿರಿಯುತ್ತಿದ್ದಾನೆ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅದು ಅಳುವಾಯಿತು, ತಡೆಯಲಾಗಲಿಲ್ಲ.

ಲೀಡ್‌ಗೆ ಎಲ್ಲ ಹೇಳಿದೆ. ಅವನ ಮುಖ ಬಾಡಿಹೋಯಿತು. ನೀವು ಬರೆಯುವುದು ಬೇಡ, ಬೇರೆ ಯಾರಿಗಾದರೂ ಕೊಡುತ್ತೇನೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಆಯಿತು ಎಂದು ತಲೆಯಾಡಿಸಿ ಮನೆಗೆ ಬಂದೆ.

ಗುಂಡನಿಂದ ಯಾವುದನ್ನೂ ಮುಚ್ಚಿಡಲು ನನಗೆ ಆಗುತ್ತಿರಲಿಲ್ಲ. ಮುಖ ಯಾಕೆ ಊದಿದೆ ಎಂದು ಕೆದಕಿ ಕೆದಕಿ ಬಾಯಿ ಬಿಡಿಸಿದ. ಕೇಳಿ ಕೆಮ್ಮು ಬರುವವರೆಗೂ ನಕ್ಕ. ಹೆಂಡತಿ ನೀರು ತಂದು ಕುಡಿಸಿದಳು. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದ.

“ಬೇರೆಯವರ ಕೈಲಿ ಬರೆಸ್ಬೇಡ ಅಕ್ಕ. ಗುರುತು ಪರಿಚಯ ಇಲ್ದವರು ನನ್ನ ಕಣ್ಣು ಮುಚ್ಚೋದು ಬೇಡ.”

ನಾನು ಸಿಡುಕಿದೆ. ಬಾಯಿಗೆ ಬಂದದ್ದು ಮಾತಾಡಬೇಡ ಎಂದು ಗದರಿದೆ. ಅವನು ಕೇಳಿಸಿಕೊಳ್ಳಲಿಲ್ಲ. ದಿಂಬು ಸರಿಮಾಡಿಕೊಂಡು ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದ. ಬಾ, ಬರೆದುಕೋ ಎಂದ. ಬೇಕಾದರೆ ಫೋಟೊ ತೆಗೆದುಕೋ ಎಂದೂ ಹೇಳಿದ. ಅಂಥ ಫೋಟೊ ನನ್ನ ಫೋನಿನಲ್ಲಿ ಇರುವುದು ನನಗೆ ಬೇಡವಾಗಿತ್ತು. ಪೆನ್ನು ಹಿಡಿದೆ.

ಆದರೆ ಆ ಪುಣ್ಯಾತ್ಮನಿಗೆ ನಗು ತಡೆಯಲು ಬರಬೇಕಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತಿದ್ದ, ತುಟಿಯ ಒಂದು ತುದಿ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಳಗೆ ಎಳೆದುಕೊಳ್ಳುತ್ತಿದ್ದ, ಅದು ಮತ್ತೆ ಹೊರಗೆ ಬರುತ್ತಿತ್ತು. ಸತ್ತವನು ನಗಬಾರದು ಕಣೋ ಎಂದು ಬೈದರೆ ಪುಸಕ್ಕನೆ ನಕ್ಕುಬಿಡುತ್ತಿದ್ದ. ಬಾಗಿಲ ಬಳಿ ಬಟ್ಟೆ ಮಡಚುತ್ತಾ ನಿಂತಿದ್ದ ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಕಂಡದ್ದನ್ನು ಕಂಡ ಹಾಗೆ ಬರೆಯುವ ಕೈ ನನ್ನದು. ಕಣ್ಣು ಮುಚ್ಚಿ, ಬಣ್ಣ ಇಳಿಸಿ, ಆ ತುಟಿಯ ತುದಿಯನ್ನೂ ಬರೆದೆ.

ಮುಗಿದ ಮೇಲೆ ಪರದೆಯನ್ನು ಅವನ ಕಡೆ ತಿರುಗಿಸಿದೆ. ಬಹಳ ಹೊತ್ತು ನೋಡಿದ.

“ಇವನಿನ್ನೂ ಸತ್ತಿಲ್ಲ ಅಕ್ಕ. ಆ ತಪ್ಪು ಹಿಡಿಯೋ ಹೆಂಗಸು ವಾಪಸ್ ಕಳಿಸ್ತಾಳೆ ನೋಡು,” ಎಂದ. ಮತ್ತೆ, “ಇರ್ಲಿ ಬಿಡು. ಆಮೇಲೆ ಸರಿ ಮಾಡು,” ಎಂದ.

ಆಮೇಲೆ ಎಂದರೆ ಯಾವಾಗ ಎಂದು ಇಬ್ಬರಿಗೂ ಗೊತ್ತಿತ್ತು. ಚಿತ್ರವನ್ನು ಆಫೀಸಿಗೆ ಕಳಿಸಲಿಲ್ಲ, ನನ್ನ ಹತ್ತಿರವೇ ಇಟ್ಟುಕೊಂಡೆ. ನಾನೇ ಬರೆಯುತ್ತೇನೆ ಎಂದು ಲೀಡ್‌ಗೆ ತಿಳಿಸಿದೆ, ಅವನು ಅವಸರ ಮಾಡಲಿಲ್ಲ.

ಗುಂಡ ಹೋದದ್ದು ಒಂದು ಬೆಳಿಗ್ಗೆ, ಹೆಂಡತಿ ಹಾಲು ಕಾಯಿಸಿಕೊಂಡು ಬರುವಷ್ಟರಲ್ಲಿ. ನಾನು ಪಕ್ಕದಲ್ಲೇ ಇದ್ದೆ. ಅವನ ಕಣ್ಣು ನಾನೇ ಮುಚ್ಚಿದೆ. ಆಗ ನನ್ನ ಈ ಹಾಳು ಕಣ್ಣು ಒಂದು ಕೆಲಸ ಮಾಡಿತು. ಅಳಬೇಕಾದ ಹೊತ್ತಿನಲ್ಲಿ ಅದು ನೋಡತೊಡಗಿತು. ಕೆನ್ನೆ ಎಲ್ಲಿ ಇಳಿದಿದೆ, ಹಣೆಯ ಗೆರೆ ಹೇಗೆ ಸಡಿಲವಾಗಿದೆ, ತುಟಿಯ ತುದಿ ಹೇಗೆ ಬರೀ ಚರ್ಮವಾಗಿ ನಿಂತಿದೆ, ಎಲ್ಲವನ್ನೂ. ಬೇಡ ಎಂದರೂ ನೋಡಿತು. ಇಂಥ ಕಸುಬು ಯಾಕೆ ಕಲಿತೆನೋ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೆಲಸಕ್ಕೆ ಮರಳಿದಾಗ ಯಾರೂ ಆ ಮಾತೆತ್ತಲಿಲ್ಲ. ಆದರೆ ತಪ್ಪುಗಳ ಪಟ್ಟಿಯಲ್ಲಿ ಟೆಸ್ಟರ್ ಬರೆದ ಸಾಲು ನನ್ನ ಹೆಸರಿನ ಮುಂದೆ ಹಾಗೇ ಇತ್ತು. ಅವನಿಗೆ ಮಾತು ಕೊಟ್ಟಿದ್ದೆನಲ್ಲ, ಬಾಯಿಬಿಟ್ಟು ಕೊಡದಿದ್ದರೂ ಕೊಟ್ಟ ಹಾಗೆಯೇ. ನನ್ನ ಹತ್ತಿರ ಇಟ್ಟುಕೊಂಡಿದ್ದ ಚಿತ್ರದ ಫೈಲು ತೆರೆದೆ. ಏನು ಮಾಡಬೇಕೆಂದು ಕೈಗೆ ಚೆನ್ನಾಗಿ ಗೊತ್ತಿತ್ತು. ಕೆನ್ನೆಗೆ ಒಂದು ನೆರಳು, ಹಣೆಯ ಮೇಲೊಂದು ಎಳೆ, ತುಟಿಯ ತುದಿಯನ್ನು ಒಂದೇ ಗೆರೆಯಲ್ಲಿ ಕೆಳಗಿಳಿಸಿದೆ. ನಮ್ಮ ಚಿತ್ರಗಳು ಗಾಜಿನ ಹಾಳೆಗಳಂತೆ ಒಂದರ ಮೇಲೊಂದು ಪದರವಾಗಿರುತ್ತವೆ. ಮುಗಿದ ಮೇಲೆ ಎಲ್ಲ ಪದರ ಸೇರಿಸಿ ಒಂದು ಮಾಡಿ, ಸೇವ್ ಮಾಡಿ, ಮುಚ್ಚುವುದು ವಾಡಿಕೆ. ಬೆರಳು ತಾನಾಗಿ ಅಷ್ಟನ್ನೂ ಮಾಡಿತು. ಕಳಿಸಿದೆ. ಸಂಜೆಯೊಳಗೆ ಟೆಸ್ಟರ್ ಆ ಸಾಲಿನ ಎದುರು ‘ಸರಿಹೋಗಿದೆ’ ಎಂದು ಬರೆದು ಮುಗಿಸಿದಳು. ಏನು ಸರಿಹೋಯಿತು ತಾಯಿ ಎಂದು ಕೇಳೋಣ ಅನ್ನಿಸಿತು.

ಕೆಲವು ದಿನ ಕಳೆದು ತಮ್ಮನ ಹೆಂಡತಿ ನನ್ನ ಕೋಣೆಗೆ ಬಂದಳು. ಅವನ ಬಟ್ಟೆಗಳನ್ನು ಎತ್ತಿಡುತ್ತಿದ್ದವಳು ಅರ್ಧಕ್ಕೆ ಬಿಟ್ಟು ಬಂದಿದ್ದಳು.

“ಅಕ್ಕ, ಅವತ್ತು ನಗು ತಡ್ಕೊಂಡು ಮಲಗಿದ್ರಲ್ಲ, ಆ ಚಿತ್ರ ನನಗೆ ಕೊಡ್ತೀರಾ? ಬೇರೆ ಯಾವ ಫೋಟೊದಲ್ಲೂ ಅವರು ಹಾಗಿಲ್ಲ.”

ಆಗ ನನಗೆ ಹೊಳೆಯಿತು. ಅಲ್ಲಿಯವರೆಗೆ ಹೊಳೆದಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಫೈಲು ತೆರೆದೆ. ಫೈಲು ತೆರೆದಿರುವವರೆಗೆ ಎಷ್ಟು ಗೆರೆ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು, ಒಮ್ಮೆ ಮುಚ್ಚಿದರೆ ಆಯಿತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಅವನ ಕೊನೆಯ ನಗುವನ್ನು ನಾನೇ ಕೈಯಾರೆ ಅಳಿಸಿದ್ದೆ. ತಪ್ಪು ಸರಿ ಮಾಡುತ್ತಿದ್ದೇನೆ ಎಂದುಕೊಂಡು ಅಳಿಸಿದ್ದೆ.

ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ. ಮತ್ತೆ ಬರೆದುಕೊಡಿ, ನಿಮಗೆ ಬರುತ್ತದಲ್ಲ ಎಂದಳು.

ಬರೆದೆ. ತುಟಿಯ ತುದಿಯನ್ನು ಮೇಲೆತ್ತಿದೆ, ನಗುವೊಂದು ಬಂತು, ಯಾರದೋ ನಗು. ಅಳಿಸಿ ಇನ್ನೊಂದು ಬರೆದೆ. ಅದು ನಿದ್ದೆಯಲ್ಲಿ ಕನಸು ಕಾಣುವವನ ಹಾಗಿತ್ತು. ಗುಂಡನ ಮುಖ ನನಗೆ ಅವನು ಹುಟ್ಟಿದಾಗಿನಿಂದ ಗೊತ್ತು. ಆದರೂ ಕಣ್ಣು ಮುಚ್ಚಿದ ಗುಂಡನೆಂದರೆ ಆ ಬೆಳಗಿನ ಗುಂಡನೇ ಕೈಗೆ ಬರುತ್ತಿದ್ದ.

ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಇದ್ರಲ್ಲಿ ನಗ್ತಿದಾರೆ ಅಕ್ಕ,” ಎಂದಳು. “ಅವತ್ತು ನಗ್ಬಾರ್ದು ಅಂತ ಒದ್ದಾಡ್ತಿದ್ರು.”

ಹೌದು, ಅದೇ. ಅದೇ ನನಗೆ ಬರುತ್ತಿರಲಿಲ್ಲ. ಹೇಗಿತ್ತು ಹೇಳು, ಇನ್ನೊಂದು ಸಲ ನೋಡೋಣ ಎಂದೆ. ಅವಳು ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ಕಣ್ಣು ಮುಚ್ಚಿ, ಅವನು ಮಾಡಿದ ಹಾಗೆ ತನ್ನ ತುಟಿಯಲ್ಲಿ ಮಾಡಿ ತೋರಿಸಲು ಹೊರಟಳು. ತುದಿಯನ್ನು ಒಳಗೆ ಎಳೆದುಕೊಂಡಳು. ಹಾಗೇ ಹಿಡಿದುಕೊಳ್ಳಲು ನೋಡಿದಳು. ತುಟಿ ನಡುಗಿತು, ಗದ್ದ ಅದುರಿತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಆದರೂ ಅವಳು ಮುಖ ತಿರುಗಿಸದೆ ನನಗೆ ಕಾಣುವ ಹಾಗೆ ಹಿಡಿದುಕೊಂಡೇ ಇದ್ದಳು. ನಾನು ಪೆನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೆ.