ದಿನಕ್ಕೊಂದು ಎಲೆ

ನಾನು ಒಂದೆಲಗ. ಹಾನಗಲ್ಲಿನ ಹತ್ತಿರ, ಭತ್ತದ ಗದ್ದೆಯ ಬದುವಿನ ಮೇಲೆ, ನೀರು ಜಿನುಗುವ ಕಡೆ ಹುಟ್ಟಿದೆ. ತಲೆಯೆತ್ತಿ ನಿಲ್ಲುವ ಗಿಡವಲ್ಲ, ನೆಲಕ್ಕಂಟಿ ಹರಿಯುವ ಬಳ್ಳಿ. ಒಂದು ದಂಟಿಗೆ ಒಂದೇ ಎಲೆ, ಅದಕ್ಕೇ ಈ ಹೆಸರು. ಜನ ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬ್ರಾಹ್ಮಿ ಎಂದರು, ಸರಸ್ವತಿ ಸೊಪ್ಪು ಎಂದರು, ತಿಂದರೆ ನೆನಪು ಗಟ್ಟಿಯಾಗುತ್ತದೆ ಎಂದರು. ಹೊಗಳಿಕೆ ಯಾರಿಗೆ ಬೇಡ? ನಾನೂ ನಂಬಿದೆ. ಎಮ್ಮೆಗಳು ನನ್ನನ್ನು ತುಳಿದು ಹೋಗುವಾಗ, ಇವಕ್ಕೇನು ಗೊತ್ತು ನನ್ನ ಬೆಲೆ ಎಂದುಕೊಳ್ಳುತ್ತಿದ್ದೆ. ಆ ಜಂಬ ನೆನೆದರೆ ಈಗ ನಾಚಿಕೆಯಾಗುತ್ತದೆ.

ಒಂದು ದಿನ ಆ ಗದ್ದೆಯ ಪಾರಕ್ಕ ನನ್ನನ್ನು ಬೇರು ಸಮೇತ ಕಿತ್ತು, ಒದ್ದೆ ಪೇಪರಿನಲ್ಲಿ ಸುತ್ತಿ, ಬಸ್ಸು ಹತ್ತಿ ರಾಣೆಬೆನ್ನೂರಿಗೆ ತಂದಳು. ಅಲ್ಲಿ ಅವಳ ತಂಗಿ ಗುರುಸಿದ್ದವ್ವ ಮನೆಯ ಮುಂದಿನ ಕೋಣೆಯಲ್ಲಿ ಜಂಪರು ಹೊಲಿಯುತ್ತಿದ್ದಳು. ಈಚೆಗೆ ತಂಗಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆಂಬ ಸುದ್ದಿ ಪಾರಕ್ಕನ ಕಿವಿಗೆ ಬಿದ್ದಿತ್ತು. ಹಳೆಯ ಬಣ್ಣದ ಬಕೆಟ್ಟಿನಲ್ಲಿ ನನ್ನನ್ನು ನೆಟ್ಟು, ಹೊಸ್ತಿಲ ಪಕ್ಕ ಇಟ್ಟು ಹೇಳಿದಳು:

"ಹೆಸರ ಹೇಳತೈತಲ್ಲ, ಒಂದೆಲಗ ಅಂತ. ದಿನಾ ಮುಂಜಾನಿ ಒಂದ ಎಲಿ ತಿನ್ನು. ಎರಡ ತಿನಬ್ಯಾಡ ಮತ್ತ."

ನನಗೆ ನಗು ಬಂತು. ಹೆಸರು ಹೇಳುವುದು ನನ್ನ ದಂಟಿನ ವಿಷಯವನ್ನು, ಎಷ್ಟು ತಿನ್ನಬೇಕೆಂಬುದನ್ನಲ್ಲ. ನಮ್ಮೂರಲ್ಲಿ ಮುಷ್ಟಿಗಟ್ಟಲೆ ಕಿತ್ತು ತಂಬುಳಿ ಮಾಡುತ್ತಾರೆ. ಆದರೆ ಗುರುಸಿದ್ದವ್ವ ಅಕ್ಕನ ಮಾತನ್ನು ಅಕ್ಷರಶಃ ಪಾಲಿಸಿದಳು. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಒಂದು ಎಲೆ ಚಿವುಟಿ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು.

ಅವಳ ಹೆಮ್ಮೆಯೆಲ್ಲ ನೆನಪಿನಲ್ಲೇ ಇತ್ತು. ಮೂವತ್ತು ವರ್ಷ ಹೊಲಿದರೂ ಯಾರ ಅಳತೆಯನ್ನೂ ಬರೆದಿಟ್ಟವಳಲ್ಲ. ಮೆಟ್ಟಿಲು ಹತ್ತುವವರ ಮುಖ ಕಂಡರೆ ಸಾಕು, "ತೋಳು ಆರೂವರಿ, ಉದ್ದ ಹದಿನಾಲ್ಕು. ಈಗ ಒಂದೀಟು ಮೈ ಬಂದೈತಿ ನಿನಗ, ಅರ್ಧ ಇಂಚ ಬಿಡತೀನಿ ತಗೋ" ಎನ್ನುತ್ತಿದ್ದಳಂತೆ. ಅಳತೆ ಮರೆತರೆ ಅವಳು ಟೇಲರೇ ಅಲ್ಲ ಎಂಬುದು ಅವಳ ಲೆಕ್ಕ.

ಹೊಸ್ತಿಲಲ್ಲಿ ಕೂತ ನನಗೆ ಹೆಚ್ಚಾಗಿ ಕಾಣುತ್ತಿದ್ದುದು ಕಾಲುಗಳೇ. ಗುರುಸಿದ್ದವ್ವನ ಕಾಲು ಮಷೀನಿನ ಪೆಡಲಿನ ಮೇಲೆ ಆಡುವುದನ್ನು ದಿನವಿಡೀ ನೋಡುತ್ತಿದ್ದೆ. ಕೆಲವು ತಿಂಗಳು ಕಳೆದವು. ನಡೆಯುವಾಗ ಒಂದು ಚಪ್ಪಲಿ ಜಾರಿ ಹಿಂದೆಯೇ ಉಳಿಯತೊಡಗಿತು. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಪೆಡಲಿನ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡತೊಡಗಿದಳು. ಇದನ್ನೆಲ್ಲ ಮೊದಲು ಕಂಡವನು ನಾನು. ಬಾಯಿಲ್ಲದವನು, ಏನು ಹೇಳಲಿ?

ಮಗಳು ಶೈಲಾ ಪಕ್ಕದಲ್ಲೇ ಕೂತು ಹುಕ್ಕು, ಕಾಜ ಹಾಕುತ್ತಿದ್ದಳು. ತಾಯಿ ಕಾಲು ಜುಮ್ಮೆನ್ನುತ್ತದೆ ಎಂದಾಗ ಹೇಳಿಯೇಬಿಟ್ಟಳು.

"ಯವ್ವಾ, ಒಮ್ಮೆ ಡಾಕ್ಟರ್ ಕಡೆ ಹೋಗಿಬರೂಣು ನಡಿ."

"ಡಾಕ್ಟರ್ ಯಾಕ? ಬಾಗಲದಾಗ ಕುಂತೈತಲ್ಲ ನಮ್ಮ ಡಾಕ್ಟರ್" ಎಂದು ತಾಯಿ ನನ್ನತ್ತ ಕೈ ಮಾಡಿದಳು.

ಆ ಮಾತಿಗೆ ಹಿಗ್ಗಿ ಮರುದಿನವೇ ಎರಡು ಹೊಸ ಎಲೆ ಬಿಟ್ಟೆ. ನನ್ನ ಬದುಕಿನಲ್ಲಿ ಇದಕ್ಕಿಂತ ನಾಚಿಕೆಗೇಡಿನ ಕೆಲಸ ಇನ್ನೊಂದನ್ನು ನಾನು ಮಾಡಿಲ್ಲ.

ಮರೆವು ಹೆಚ್ಚಿತು. ಒಬ್ಬರ ತೋಳು ಇನ್ನೊಬ್ಬರ ಜಂಪರಿಗೆ ಕೂತಿತು. ಬಂದವರು ಮುಖ ಗಂಟು ಹಾಕಿಕೊಂಡು ಹೋದರು, ಕೆಲವರು ಬರುವುದನ್ನೇ ಬಿಟ್ಟರು. ತಪ್ಪಾದಾಗಲೆಲ್ಲ ಅವಳು ಬಕೆಟ್ಟಿನ ಮುಂದೆ ನಿಂತು, "ನಿನ್ನಿ ಎಲಿ ತಿಂದ್ನೋ ಇಲ್ಲೋ, ಅದಕ್ಕ ಹಿಂಗಾತು" ಎನ್ನುತ್ತಿದ್ದಳು. ನೆನಪಿನ ಎಲೆ ತಿಂದದ್ದೇ ನೆನಪಿಲ್ಲ. ಹೀಗೇ ಒಂದು ವರ್ಷ ಹೋಯಿತು.

ಸಂಬಂಧಿಕರ ಮದುವೆಗೆ ಶೈಲಾಳಿಗೊಂದು ಜಂಪರು ಹೊಲಿಯಬೇಕಾಯಿತು. ಗುರುಸಿದ್ದವ್ವ ಬಟ್ಟೆ ಹಾಸಿ, ಕತ್ತರಿ ಹಿಡಿದವಳು ಅದನ್ನು ಹಾಗೇ ಕೆಳಗಿಟ್ಟಳು. ಆಮೇಲೆ ಅಳತೆಯ ಟೇಪು ಹುಡುಕಿ ತಂದಳು.

"ಇಲ್ಲೆ ಬಾ. ಕೈ ಎತ್ತು."

ಶೈಲಾ ಕೈ ಎತ್ತಿ ನಿಂತಳು. ದೊಡ್ಡವಳಾದ ಮೇಲೆ ಒಮ್ಮೆಯೂ ತಾಯಿ ಅವಳಿಗೆ ಟೇಪು ಹಿಡಿದಿರಲಿಲ್ಲ. ಟೇಪು ಬೆನ್ನು ಸುತ್ತಿ ಬರುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

"ಯವ್ವಾ, ನನ್ನ ಅಳತಿನೂ ಮರತಿ?"

ಗುರುಸಿದ್ದವ್ವ ಹೊಸ್ತಿಲ ಮೇಲೆ, ನನ್ನ ಪಕ್ಕದಲ್ಲೇ, ಕೂತಳು. "ನಡಿ, ಡಾಕ್ಟರ್ ಕಡೆ ಹೋಗೂಣು" ಎಂದಳು. ಆ ದಿನ ಅವಳು ನನ್ನತ್ತ ನೋಡಲಿಲ್ಲ.

ಡಾಕ್ಟರು ಹೇಳಿದ್ದನ್ನು ಶೈಲಾ ಫೋನಿನಲ್ಲಿ ಪಾರಕ್ಕನಿಗೆ ಹೇಳುವಾಗ ಕೇಳಿಸಿಕೊಂಡೆ. ರಕ್ತದಲ್ಲಿ ಬಿ ಟ್ವೆಲ್ವ್ ತೀರಾ ಕಡಿಮೆಯಾಗಿದೆ. ಮರೆವಿಗೂ ಕಾಲು ಜುಮ್ಮೆನ್ನುವುದಕ್ಕೂ ಅದೇ ಕಾರಣ. ಇಂಜೆಕ್ಷನ್ ಕೊಟ್ಟರೆ ನೆನಪು ಸುಧಾರಿಸುತ್ತದೆ. "ವರ್ಷದ ಹಿಂದ ಬಂದಿದ್ರ ಕಾಲೂ ಪೂರಾ ಆರಾಮ ಆಗತಿದ್ದವು ಅಂದ್ರು, ದೊಡ್ಡವ್ವಾ."

ಆ ವರ್ಷ ಪೂರ್ತಿ ಅವಳು ನನ್ನನ್ನು ತಿನ್ನುತ್ತಿದ್ದಳು.

ನೆನಪು ಒಂದೊಂದೇ ಅಳತೆಯಾಗಿ ಮರಳಿತು. ಕಾಲು ಮರಳಲಿಲ್ಲ. ಈಗ ಗುರುಸಿದ್ದವ್ವ ಕತ್ತರಿಸುತ್ತಾಳೆ, ಪೆಡಲು ತುಳಿಯುವುದು ಶೈಲಾ. ಇಷ್ಟಾದರೂ ಓಣಿಯಲ್ಲಿ ಹೆಸರು ಬಂದದ್ದು ನನಗೆ. ಪಾರಕ್ಕನಂತೂ, "ಇಂಜೆಕ್ಷನ್ ನೆಪ ಅಷ್ಟ, ಕೆಲಸ ಮಾಡಿದ್ದು ಒಂದೆಲಗ" ಎಂದು ಬಕೆಟ್ಟಿಗೆ ಕುಂಕುಮ ಹಚ್ಚಿ ಹೋದಳು. ಮಣ್ಣೊಳಗೆ ಹೊಕ್ಕು ಮುಖ ಮುಚ್ಚಿಕೊಳ್ಳಬೇಕೆನಿಸಿತು. ನನ್ನಲ್ಲಿ ಗುಣವೇ ಇಲ್ಲ ಎನ್ನುತ್ತಿಲ್ಲ. ಬಾಯಿಗೆ ರುಚಿ, ಮೈಗೆ ತಂಪು. ಆದರೆ ಗುರುಸಿದ್ದವ್ವನ ಪಾಲಿಗೆ ನಾನು ಡಾಕ್ಟರ ಬಳಿ ಹೋಗದಿರಲು ಸಿಕ್ಕ ನೆಪವಾಗಿದ್ದೆ.

ಈಗ ಮುದುಕನಾಗಿದ್ದೇನೆ. ಬೇರು ಬಕೆಟ್ಟಿನ ತಳ ಮುಟ್ಟಿ ಸುತ್ತಿಕೊಂಡಿದೆ, ಎಲೆ ಸಣ್ಣದಾಗಿದೆ. ಆದರೂ ಬಳ್ಳಿ ಕೇಳಿಕೊಂಡು ಬರುವವರಿದ್ದಾರೆ. ಕಳೆದ ತಿಂಗಳು ಹಿಂದಿನ ಓಣಿಯ ಕೊಟ್ರಮ್ಮ ಬಂದಳು.

"ನಮ್ಮ ಮನಿಯವ್ರು ಹಾದಿ ಮರ್ಯಾಕ ಹತ್ಯಾರ್ರಿ. ಒಂದ ಬಳ್ಳಿ ಕೊಡ್ರಿ."

ಗುರುಸಿದ್ದವ್ವ ಕತ್ತರಿ ಕೆಳಗಿಟ್ಟಳು. "ಕೊಡತೀನಿ. ಮೊದಲ ಅವರ ರಕ್ತ ತಪಾಸಣಿ ಮಾಡಿಸಿ ಚೀಟಿ ತಂದು ತೋರಸ್ರಿ."

"ಒಂದ ಸೊಪ್ಪಿನ ಬಳ್ಳಿಗೆ ಚೀಟಿ ಕೇಳತಾರೇನ್ರಿ?"

"ನಾ ಕೇಳತೀನ್ರಿ."

ಕೊಟ್ರಮ್ಮ ಸಿಟ್ಟು ಮಾಡಿಕೊಂಡು ಬರಿಗೈಯಲ್ಲಿ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಹದಿನೈದು ದಿನಕ್ಕೆ ಚೀಟಿ ಹಿಡಿದು ಬಂದಳು. ಥೈರಾಯ್ಡ್ ಅಂತೆ, ಗುಳಿಗೆ ಶುರುವಾಗಿದೆಯಂತೆ. ಕೂತು ಚಹಾ ಕುಡಿದಳು, ಗಂಡ ಹಟ ಮಾಡಿದ್ದು, ಸೂಜಿಗೆ ಹೆದರಿದ್ದು ಎಲ್ಲ ಹೇಳಿ ನಕ್ಕಳು. ನನ್ನನ್ನು ದಾಟಿಕೊಂಡು ಮೆಟ್ಟಿಲಿಳಿದು ಹೋದಳು.

"ಅಯ್ಯ, ಬಳ್ಳಿ ಒಯ್ಯಲೇ ಇಲ್ಲ ಆಕಿ" ಎಂದಳು ಶೈಲಾ.

"ಮರತಾಳ. ಇರಲಿ ಬಿಡು" ಎಂದಳು ಗುರುಸಿದ್ದವ್ವ.

ನನ್ನನ್ನು ಒಬ್ಬರು ಮರೆತು ಹೋದದ್ದಕ್ಕೆ ಇಷ್ಟು ಸಂತೋಷವಾಗಬಹುದೆಂದು ನನಗೆ ಗೊತ್ತಿರಲಿಲ್ಲ.